ಪರದೇಶದ ಹಳೆ ಗಾಡಿ: ಮೊದಲು ಕಾಗದ, ಆಮೇಲೆ ಎಂಜಿನ್

ವಿಜಯಪುರದಿಂದ ಹೊಸಪೇಟೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಹುನಗುಂದ, ಇಳಕಲ್ಲುಗಳನ್ನು ಹಾದು ಸಾಗುತ್ತದೆ. ಹಿಂದೆ ಅದರ ಸಂಖ್ಯೆ 13, ಈಗ 50. ಚಳಿಗಾಲ ಬಂತೆಂದರೆ ಈ ರಸ್ತೆಯಲ್ಲಿ ಎರಡೂ ಬದಿಗೆ ಪೆಟ್ಟಿಗೆ ಕಟ್ಟಿದ, ಮುಂದೆ ಗಾಜಿನ ಮರೆ ಇರುವ ದೊಡ್ಡ ಮೋಟಾರ್ ಸೈಕಲ್‌ಗಳು ಕಾಣಿಸಿಕೊಳ್ಳುತ್ತವೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ ಹಂಪಿಗೆ ಹೊರಟವರ ಗಾಡಿಗಳು ಅವು. ಸವಾರ ಚಹಾದಂಗಡಿಯ ಮುಂದೆ ನಿಲ್ಲಿಸಿದರೆ ಸಾಕು, ಕಾಲೇಜು ಹುಡುಗರು ಸುತ್ತುವರಿಯುತ್ತಾರೆ. ‘ಎಷ್ಟು ಸಿ.ಸಿ. ಐತ್ರಿ?’ ‘ಲೀಟರಿಗೆ ಎಷ್ಟು ಕೊಡ್ತೈತ್ರಿ?’ ಎಂಬ ಪ್ರಶ್ನೆಗಳು ಶುರುವಾಗುತ್ತವೆ.

ಈ ಹುಡುಗರಲ್ಲಿ ಕೆಲವರು ಮುಂದೆ ಎಂಜಿನಿಯರಿಂಗ್ ಮುಗಿಸಿ ಹೆಚ್ಚಿನ ಓದಿಗೆ ಅಮೆರಿಕ, ಜರ್ಮನಿ, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹೋಗುತ್ತಾರೆ. 1963ರಲ್ಲಿ ಆರಂಭವಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ಇಂದು ಹಲವು ದೇಶಗಳಲ್ಲಿದ್ದಾರೆ. ಚಹಾದಂಗಡಿಯ ಮುಂದೆ ಹುಟ್ಟಿದ ಆಸೆಯೂ ಅವರ ಜೊತೆಗೇ ವಿಮಾನ ಹತ್ತುತ್ತದೆ. ಅಲ್ಲಿ ನುಣುಪಾದ ರಸ್ತೆಗಳಿವೆ, ಬೆಟ್ಟ ಕಡಲುಗಳಿವೆ, ಬೇಸಿಗೆಯ ರಜೆ ಉದ್ದ. ಹೊಸ ಪ್ರವಾಸಿ ಮೋಟಾರ್ ಸೈಕಲ್ ಕೊಳ್ಳಲು ಮಾತ್ರ ವಿದ್ಯಾರ್ಥಿಯ ಕೈಯಲ್ಲಿ ದುಡ್ಡಿರುವುದಿಲ್ಲ. ಹೀಗಾಗಿ ಕಣ್ಣು ಹಳೆಯ ಗಾಡಿಯ ಮೇಲೆ ಬೀಳುತ್ತದೆ. ಒಂದು ರಾತ್ರಿ ಊರಿಗೆ ಫೋನು ಬರುತ್ತದೆ: ‘ಅಪ್ಪಾ, ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೋಬೇಕಂತ ಮಾಡೀನಿ.’

ಆಗ ಮನೆಯಲ್ಲಿ ಸಾಮಾನ್ಯವಾಗಿ ಎರಡೇ ಉತ್ತರ. ತಾಯಿ ‘ಬ್ಯಾಡಪ್ಪಾ’ ಎನ್ನುತ್ತಾಳೆ. ತಂದೆ ‘ಎಷ್ಟಂತ?’ ಎಂದು ಕೇಳುತ್ತಾನೆ. ಎರಡೂ ಸಹಜವೇ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ ಇದೆ: ‘ಗಾಡಿಯ ಕಾಗದ ಯಾರ ಹೆಸರಿಗೈತಿ?’

ಊರಿನ ರೂಢಿ

ಹುನಗುಂದದಲ್ಲಿ ಹಳೆ ಗಾಡಿ ಕೊಳ್ಳುವ ರೀತಿಯೇ ಬೇರೆ. ಮಾರುವವನು ಪರಿಚಯದವನು, ಇಲ್ಲವೇ ಪರಿಚಯದವರ ಬೀಗರು. ಗ್ಯಾರೇಜಿನ ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದು ‘ಎಂಜಿನ್ ಛಲೋ ಐತಿ’ ಎಂದರೆ ಅರ್ಧ ವ್ಯವಹಾರ ಮುಗಿದಂತೆ. ಸಂಚಕಾರ ಕೊಟ್ಟು ಕೀಲಿಕೈ ತೆಗೆದುಕೊಂಡು ಬರುತ್ತಾರೆ. ಹೆಸರು ಬದಲಾವಣೆ ‘ಆಮೇಲೆ ಮಾಡಿಸಿದರಾತು’ ಎಂದು ಮುಂದೆ ಹೋಗುತ್ತದೆ. ಹೀಗೆ ಮೂರು ನಾಲ್ಕು ಕೈ ಬದಲಾದರೂ ಆರ್.ಸಿ.ಯಲ್ಲಿ ಮೊದಲಿನವರ ಹೆಸರೇ ಉಳಿದಿರುವ ಗಾಡಿಗಳು ಯಾವ ಊರಿನಲ್ಲೂ ಅಪರೂಪವಲ್ಲ.

ಕಾನೂನು ಇದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಮಾರಿದವರು ರಾಜ್ಯದೊಳಗಾದರೆ 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. 29 ಮತ್ತು 30ನೇ ನಮೂನೆಗಳು ಇದಕ್ಕಾಗಿಯೇ ಇವೆ. ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿತೆಂದು ತೋರಿಸಲು 35ನೇ ನಮೂನೆ ಬೇಕು. ಬೇರೆ ರಾಜ್ಯದ ಗಾಡಿಯಾದರೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರವೂ ಬೇಕು. ಗಾಡಿ ಮಾರಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಊರಿನಲ್ಲಿ ಈ ಸಡಿಲತೆ ಹೇಗೋ ನಡೆದುಹೋಗುತ್ತದೆ. ತಂಟೆ ಬಂದರೆ ನಾಲ್ಕು ಜನ ಹಿರಿಯರು ಕುಳಿತು ಬಗೆಹರಿಸುತ್ತಾರೆ. ಪರದೇಶದಲ್ಲಿ ಆ ಹಿರಿಯರಿಲ್ಲ, ಬೀಗರಿಲ್ಲ, ಗುರುತಿನ ಮೆಕ್ಯಾನಿಕ್ ಇಲ್ಲ. ಅವರೆಲ್ಲರ ಜಾಗದಲ್ಲಿ ಅಲ್ಲಿ ನಿಲ್ಲುವುದು ಕಾಗದವೊಂದೇ. ಊರಿನ ರೂಢಿಯನ್ನು ಜೊತೆಗೆ ಒಯ್ದ ವಿದ್ಯಾರ್ಥಿ ಎಡವುವುದು ಇಲ್ಲಿಯೇ.

ಒಬ್ಬ ವಿದ್ಯಾರ್ಥಿನಿಯ ಹಳೆ ಗಾಡಿ

ಹಳೆ ಗಾಡಿ ದೂರ ಹೋಗಲಾರದೆಂಬ ಅನುಮಾನ ಇರುವವರು ಎಲ್ಸ್‌ಪೆತ್ ಬಿಯರ್ಡ್ ಅವರ ಹೆಸರು ಕೇಳಬೇಕು. ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಈಕೆ 1982ರಲ್ಲಿ, ತಮ್ಮ 23ನೇ ವಯಸ್ಸಿನಲ್ಲಿ, ಒಬ್ಬರೇ ಜಗತ್ತು ಸುತ್ತಲು ಹೊರಟರು. ಅವರ ಬಳಿ ಇದ್ದುದು 1974ರ ಮಾದರಿಯ ಬಿಎಂಡಬ್ಲ್ಯು ಆರ್ 60/6 ಎಂಬ ಮೋಟಾರ್ ಸೈಕಲ್. ಕೊಂಡದ್ದೇ ಹಳೆಯದು. ಕಂಪನಿಗಳು ಸಹಾಯ ಮಾಡಲಿಲ್ಲ. ಪಬ್ಬಿನಲ್ಲಿ ದುಡಿದು ಕೂಡಿಟ್ಟ ಹಣವೇ ಬಂಡವಾಳ. ಗಾಡಿಯನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಸಾಗಿಸಿ ಅಲ್ಲಿಂದ ಸವಾರಿ ಆರಂಭಿಸಿದರು.

ದುಡ್ಡು ಮುಗಿದಾಗ ಸಿಡ್ನಿಯಲ್ಲಿ ಏಳು ತಿಂಗಳು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಕೆಲಸ ಮಾಡಿದರು. ಅಲ್ಲಿಯೇ ಅಲ್ಯೂಮಿನಿಯಂ ತಗಡು ಮಡಚಿ ಬೀಗ ಹಾಕಬಹುದಾದ ಸಾಮಾನು ಪೆಟ್ಟಿಗೆಗಳನ್ನು ಸ್ವತಃ ಮಾಡಿಕೊಂಡರು. ಆಸ್ಟ್ರೇಲಿಯಾದಲ್ಲಿ ಒಮ್ಮೆ ಬಿದ್ದು ತಲೆಗೆ ಪೆಟ್ಟಾಗಿ ಎರಡು ವಾರ ಆಸ್ಪತ್ರೆ ಸೇರಿದರು. ಥಾಯ್ಲೆಂಡಿನಲ್ಲಿ ನಾಯಿ ಅಡ್ಡ ಬಂದು ಮತ್ತೊಮ್ಮೆ ಬಿದ್ದರು. ಭಾರತ, ಪಾಕಿಸ್ತಾನ, ಇರಾನ್ ದಾಟಿ 1984ರಲ್ಲಿ ಲಂಡನ್ನಿಗೆ ಮರಳಿದಾಗ ಸುಮಾರು 35,000 ಮೈಲಿ, ಅಂದರೆ 56,000 ಕಿಲೋಮೀಟರ್ ಸವಾರಿ ಆಗಿತ್ತು.

ಈ ಕಥೆಯಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಗಾಡಿ ಕೆಟ್ಟರೆ ಆಕೆ ರಸ್ತೆಬದಿಯಲ್ಲಿ ತಾವೇ ಬಿಚ್ಚಿ ಸರಿಪಡಿಸಿಕೊಳ್ಳಬಲ್ಲವರಾಗಿದ್ದರು. ಆದರೆ ಸಿಂಗಪುರದಲ್ಲಿ ಪಾಸ್‌ಪೋರ್ಟು, ವೀಸಾ, ಗಾಡಿ ಸಾಗಣೆಯ ಕಾಗದಗಳು ಕಳುವಾದಾಗ ಏನೂ ಮಾಡಲಾಗಲಿಲ್ಲ. ಅವನ್ನೆಲ್ಲ ಮತ್ತೆ ಪಡೆಯಲು ಆರು ವಾರ ಅಲ್ಲಿಯೇ ಉಳಿಯಬೇಕಾಯಿತು. ಕೆಟ್ಟ ಎಂಜಿನ್ನನ್ನು ಪಾನಾ ಹಿಡಿದು ರಿಪೇರಿ ಮಾಡಬಹುದು; ಇಲ್ಲದ ಕಾಗದಕ್ಕೆ ಯಾವ ಪಾನಾವೂ ಇಲ್ಲ.

ಹೊರಡುವ ಮುನ್ನವೇ ಲೈಸೆನ್ಸು

ಪರದೇಶದ ಗಾಡಿಯ ತಯಾರಿ ಬಾಗಲಕೋಟೆಯ ಸಾರಿಗೆ ಕಚೇರಿಯಲ್ಲೇ ಆರಂಭವಾಗಬೇಕು. ಮೊದಲು ಲೈಸೆನ್ಸಿನಲ್ಲಿ ಏನು ಬರೆದಿದೆ ಎಂದು ನೋಡಬೇಕು. ಗೇರ್ ಇರುವ ಮೋಟಾರ್ ಸೈಕಲ್ಲಿಗೆ ‘ಎಂ.ಸಿ.ಡಬ್ಲ್ಯು.ಜಿ.’ ಎಂಬ ನಮೂದು ಇರಬೇಕು. ಬರೀ ಕಾರಿನ ಅಥವಾ ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸಿದ್ದರೆ ಊರಿನಲ್ಲಿ ಬುಲೆಟ್ ಓಡಿಸಿದ ಅನುಭವಕ್ಕೆ ಹೊರಗೆ ಯಾವ ಬೆಲೆಯೂ ಇಲ್ಲ. ಈ ನಮೂದು ಇದ್ದವರು ಪಾಸ್‌ಪೋರ್ಟು, ವೀಸಾ ತೋರಿಸಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬಹುದು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಲೈಸೆನ್ಸು ಜೊತೆಗಿಲ್ಲದಿದ್ದರೆ ಅದಕ್ಕೆ ಬಲವಿಲ್ಲ.

ಈ ಪರವಾನಗಿ ಪ್ರವಾಸಿಗೆ ಸಾಕಾಗಬಹುದು, ಎರಡು ವರ್ಷ ಓದಲು ಹೋದವರಿಗೆ ಸಾಲದು. ಜರ್ಮನಿಯಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸು ನಡೆಯುವುದು ಆರು ತಿಂಗಳು ಮಾತ್ರ. ಆಮೇಲೆ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಬರೆದು ಪಾಸಾಗಬೇಕು. 24 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಸಿಗುವುದು 35 ಕಿಲೋವಾಟ್, ಅಂದರೆ ಸುಮಾರು 48 ಅಶ್ವಶಕ್ತಿ ಮೀರದ ಗಾಡಿಯ ಲೈಸೆನ್ಸು. ಬ್ರಿಟನ್ನಿನಲ್ಲಿ ನಮ್ಮ ಲೈಸೆನ್ಸಿಗೆ 12 ತಿಂಗಳ ಮಾನ್ಯತೆ ಇದೆ. ಅಲ್ಲಿಯೂ ಪೂರ್ಣ ಶಕ್ತಿಯ ಗಾಡಿಗೆ ನೇರವಾಗಿ ಪರೀಕ್ಷೆ ಕೊಡಲು 24 ವರ್ಷ ಆಗಿರಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕಾರಿನ ಲೈಸೆನ್ಸಿನ ಮೇಲೆ ಮೋಟಾರ್ ಸೈಕಲ್ಲಿಗಾಗಿ ‘ಎಂ’ ಎಂಬ ಪ್ರತ್ಯೇಕ ಅನುಮತಿ ಬೇಕು. ಹಲವು ರಾಜ್ಯಗಳಲ್ಲಿ ಎರಡು ಮೂರು ದಿನಗಳ ಸುರಕ್ಷತಾ ತರಬೇತಿ ಮುಗಿಸಿದವರಿಗೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಹೊಸಬರಿಗೆ 660 ಸಿ.ಸಿ. ಮೀರದ, ತೂಕಕ್ಕೆ ತಕ್ಕ ಶಕ್ತಿಯ ಮಿತಿಯುಳ್ಳ ಗಾಡಿಗಳ ಪಟ್ಟಿಯೇ ಇದೆ.

ಆದ್ದರಿಂದ ಗಾಡಿಯ ಜಾಹೀರಾತು ನೋಡುವ ಮೊದಲು ತನಗೆ ಯಾವ ಗಾಡಿ ಓಡಿಸುವ ಹಕ್ಕಿದೆ ಎಂಬುದನ್ನು ವಿದ್ಯಾರ್ಥಿ ತಿಳಿದಿರಬೇಕು. 1,200 ಸಿ.ಸಿ.ಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಲೈಸೆನ್ಸು ಸಿಗದೆ ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿದರೆ ನಷ್ಟ ತನ್ನದೇ.

ದೇಶಕ್ಕೊಂದು ಕಾಗದ

ನಮ್ಮ ಆರ್.ಸಿ.ಯಂಥ ದಾಖಲೆ ಎಲ್ಲ ದೇಶಗಳಲ್ಲೂ ಇದೆ. ಆದರೆ ಅದರ ಅರ್ಥ ಎಲ್ಲೆಡೆ ಒಂದೇ ಅಲ್ಲ.

ಅಮೆರಿಕದಲ್ಲಿ ‘ಟೈಟಲ್’ ಎಂಬುದೇ ಒಡೆತನದ ಪತ್ರ. ಮಾರುವವರು ಅದರ ಮೇಲೆ ಸಹಿ ಮಾಡಿ ಕೊಡಬೇಕು. ‘ಟೈಟಲ್ ಕಳೆದಿದೆ, ಗಾಡಿ ಒಯ್ಯಿರಿ, ಆಮೇಲೆ ಕಳಿಸುತ್ತೇನೆ’ ಎಂದವರ ಗಾಡಿಯನ್ನು ಮುಟ್ಟಬಾರದು. ಟೈಟಲ್ ಮೇಲೆ ಬ್ಯಾಂಕಿನ ಹೆಸರಿದ್ದರೆ ಸಾಲ ಬಾಕಿ ಇರಬಹುದು. ‘ಸಾಲ್ವೇಜ್’ ಎಂದಿದ್ದರೆ, ಅಪಘಾತ ಅಥವಾ ನೆರೆಯಲ್ಲಿ ಹಾಳಾದ ಗಾಡಿಯೆಂದು ವಿಮಾ ಕಂಪನಿ ಒಮ್ಮೆ ಕೈಬಿಟ್ಟದ್ದು ಎಂದರ್ಥ. ಬೆಲೆ ಅರ್ಧಕ್ಕೆ ಇಳಿದಿರುವ ಗುಟ್ಟು ಹಲವು ಸಲ ಇದೇ ಆಗಿರುತ್ತದೆ. ಗಾಡಿಯ ಚೌಕಟ್ಟಿನ ಮೇಲೆ 17 ಅಕ್ಷರ ಮತ್ತು ಅಂಕಿಗಳ ಗುರುತು ಸಂಖ್ಯೆ ಕೆತ್ತಿರುತ್ತದೆ. ಅದು ಟೈಟಲ್ ಜೊತೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಆ ಸಂಖ್ಯೆಯಿಂದ ಕಳವು, ಅಪಘಾತಗಳ ವಿವರ ತಿಳಿಯುವ ವ್ಯವಸ್ಥೆಯೂ ಅಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಕೊಂಡವರು 10 ದಿನಗಳೊಳಗೆ ವರ್ಗಾವಣೆ ತಿಳಿಸಬೇಕು.

ಬ್ರಿಟನ್ನಿನ ಕಾಗದದ ಹೆಸರು ವಿ5ಸಿ. ಜನ ಅದನ್ನು ‘ಲಾಗ್‌ಬುಕ್’ ಎನ್ನುತ್ತಾರೆ. ಇದು ಗಾಡಿ ಯಾರ ವಶದಲ್ಲಿ ನೋಂದಣಿಯಾಗಿದೆ ಎಂದು ಹೇಳುತ್ತದೆಯೇ ಹೊರತು ಒಡೆತನಕ್ಕೆ ಪುರಾವೆ ಅಲ್ಲ ಎಂದು ಅದರ ಮೇಲೆಯೇ ಅಚ್ಚಾಗಿದೆ! ಹೀಗಾಗಿ ಮಾರಾಟದ ರಸೀದಿ ಬೇಕೇ ಬೇಕು, ಸಾಲ ಬಾಕಿಯ ತಪಾಸಣೆಯೂ ಬೇಕು. ಅಲ್ಲಿ ಒಂದು ಅನುಕೂಲವಿದೆ. ಮೂರು ವರ್ಷ ದಾಟಿದ ಗಾಡಿ ಪ್ರತಿವರ್ಷ ‘ಎಂ.ಒ.ಟಿ.’ ಎಂಬ ಪರೀಕ್ಷೆ ಪಾಸಾಗಬೇಕು. ಗಾಡಿಯ ನಂಬರು ಕೊಟ್ಟರೆ ಹಿಂದಿನ ಪರೀಕ್ಷೆಗಳ ಫಲಿತಾಂಶ ಸರ್ಕಾರದಿಂದಲೇ ಉಚಿತವಾಗಿ ಸಿಗುತ್ತದೆ. ಪ್ರತಿ ಸಲ ಗಾಡಿ ಎಷ್ಟು ಮೈಲಿ ಓಡಿತ್ತು ಎಂಬುದೂ ಅದರಲ್ಲಿರುತ್ತದೆ. ಹಿಂದಿನ ವರ್ಷ 41,000 ಮೈಲಿ ತೋರಿಸಿದ ಮೀಟರು ಈ ವರ್ಷ 28,000 ತೋರಿಸಿದರೆ ಮತ್ತೇನನ್ನೂ ಕೇಳಬೇಕಿಲ್ಲ. ರಸ್ತೆ ತೆರಿಗೆ ಮಾತ್ರ ಗಾಡಿಯ ಜೊತೆ ಹೊಸಬರಿಗೆ ವರ್ಗವಾಗುವುದಿಲ್ಲ. ಮನೆಗೆ ಓಡಿಸಿಕೊಂಡು ಬರುವ ಮೊದಲೇ ಅದನ್ನು ಕಟ್ಟಬೇಕು.

ಜರ್ಮನಿಯಲ್ಲಿ ಕಾಗದ ಎರಡು ಭಾಗ. ಒಂದನೇ ಭಾಗ ಗಾಡಿಯ ಜೊತೆ ಇರುತ್ತದೆ, ಎರಡನೆಯದನ್ನು ಮನೆಯಲ್ಲಿ ಜೋಪಾನವಾಗಿಡುತ್ತಾರೆ. ಗಾಡಿ ಸಾಲದಲ್ಲಿದ್ದರೆ ಎರಡನೇ ಭಾಗ ಬ್ಯಾಂಕಿನ ಹತ್ತಿರ ಇರುವುದುಂಟು. ಎರಡೂ ಕೈಗೆ ಬಾರದೆ ದುಡ್ಡು ಕೊಡಬಾರದು. ಮೋಟಾರ್ ಸೈಕಲ್ಲಿಗೆ ಎರಡು ವರ್ಷಕ್ಕೊಮ್ಮೆ ತಾಂತ್ರಿಕ ತಪಾಸಣೆ ಕಡ್ಡಾಯ, ಹಿಂದಿನ ನಂಬರ್ ಪ್ಲೇಟಿನ ಮೇಲಿನ ಬಣ್ಣದ ಚೀಟಿ ಅದರ ಅವಧಿ ಹೇಳುತ್ತದೆ. ವಿಮೆ ಮಾಡಿಸಿದ ಸಂಕೇತ ಸಂಖ್ಯೆ ಇಲ್ಲದೆ ಅಲ್ಲಿ ನೋಂದಣಿಯೇ ಆಗದು. ವರ್ಷದ ಕೆಲವೇ ತಿಂಗಳು ಗಾಡಿ ಓಡಿಸುವವರಿಗೆ ಋತುಮಾನದ ನಂಬರ್ ಪ್ಲೇಟೂ ಸಿಗುತ್ತದೆ. ಆ ತಿಂಗಳುಗಳಿಗಷ್ಟೇ ತೆರಿಗೆ ಮತ್ತು ವಿಮೆ ಕಟ್ಟಿದರೆ ಸಾಕು. ಹಿಮ ಬೀಳುವ ಊರಿನ ವಿದ್ಯಾರ್ಥಿಗೆ ಇದು ಒಳ್ಳೆಯ ಉಳಿತಾಯ.

ಆಸ್ಟ್ರೇಲಿಯಾದಲ್ಲಿ ಗಾಡಿಯ ಮೇಲಿನ ಸಾಲ ತಿಳಿಯಲು ಇಡೀ ದೇಶಕ್ಕೆ ಒಂದೇ ದಾಖಲೆ ಪುಸ್ತಕವಿದೆ. ಅದನ್ನು ನೋಡುವ ಶುಲ್ಕ ಬಹಳ ಕಡಿಮೆ. ನೋಡದೆ ಕೊಂಡು, ಹಿಂದಿನವರ ಸಾಲ ಬಾಕಿ ಇದ್ದರೆ ಸಾಲ ಕೊಟ್ಟವರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು.

ಗಾಡಿ ನೋಡುವ ಬಗೆ

ಕಾಗದ ಸರಿ ಇದ್ದರೆ ಇನ್ನು ಗಾಡಿಯ ಸರದಿ. ಮಾರುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ: ‘ನಾನು ಬರುವ ಮುಂಚೆ ಗಾಡಿ ಚಾಲೂ ಮಾಡಬೇಡಿ.’ ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಚಾಲೂ ಆಗಲು ಒದ್ದಾಡಿದರೆ, ನೀಲಿ ಹೊಗೆ ಬಂದರೆ, ಒಳಗೆ ಸರಪಳಿ ಕುಲುಕಿದ ಸದ್ದು ನಿಲ್ಲದಿದ್ದರೆ ಕಾಯಿಲೆ ಇದೆ ಎಂದರ್ಥ. ಕೈಯಿಟ್ಟು ನೋಡಿದಾಗ ಎಂಜಿನ್ ಆಗಲೇ ಬಿಸಿಯಿದ್ದರೆ ಏಕೆಂದು ಕೇಳಬೇಕು.

ಬಿದ್ದ ಗಾಡಿಯ ಗುರುತುಗಳನ್ನು ಬಣ್ಣ ಹಚ್ಚಿ ಮುಚ್ಚಬಹುದು, ಆದರೆ ಎಲ್ಲವನ್ನೂ ಮುಚ್ಚಲಾಗದು. ಕ್ಲಚ್ ಮತ್ತು ಬ್ರೇಕ್ ಹಿಡಿಕೆಗಳ ತುದಿ, ಹ್ಯಾಂಡಲಿನ ಕೊನೆ, ಕಾಲಿಡುವ ಕಬ್ಬಿಣ, ಸಾಮಾನು ಪೆಟ್ಟಿಗೆಯ ಮೂಲೆ, ಇಲ್ಲೆಲ್ಲ ತೀಡಿದ ಕಲೆ ಇದೆಯೇ ನೋಡಬೇಕು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಅದು ತಾಗಿ ನಿಲ್ಲುವ ಚೌಕಟ್ಟಿನ ಜಾಗ ಜಜ್ಜಿದ್ದರೆ ದೊಡ್ಡ ಪೆಟ್ಟು ಬಿದ್ದಿರಬಹುದು. ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲು ಹೋಗಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ‘2319’ ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆಗಳು ಆಳವಾಗಿಯೇ ಇದ್ದರೂ ಆರೇಳು ವರ್ಷದ ಟೈರಿನ ರಬ್ಬರು ಗಡುಸಾಗಿರುತ್ತದೆ, ಮಳೆಯಲ್ಲಿ ಅದನ್ನು ನಂಬುವಂತಿಲ್ಲ. ಚೈನು, ಹಲ್ಲಿನ ಚಕ್ರಗಳು, ಬ್ರೇಕ್ ಡಿಸ್ಕು, ಬ್ಯಾಟರಿ ಇವುಗಳ ಸವೆತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೀಲಿ ತಿರುಗಿಸಿದಾಗ ಎ.ಬಿ.ಎಸ್. ದೀಪ ಹತ್ತಿ, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ಹತ್ತದಿದ್ದರೂ ಆರದಿದ್ದರೂ ದೋಷವೇ.

ಮೀಟರಿನ ಸಂಖ್ಯೆಗೆ ಹೆದರಬೇಕಾಗಿಲ್ಲ. ದೂರ ಪ್ರವಾಸಕ್ಕೆಂದೇ ಮಾಡಿದ ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಸರ್ವೀಸು ಕಂಡಿದ್ದರೆ 60,000 ಕಿಲೋಮೀಟರ್ ಓಡಿದ್ದೂ ಚೆನ್ನಾಗಿರುತ್ತದೆ. ಐದು ವರ್ಷ ಮೂಲೆಯಲ್ಲಿ ನಿಂತು 8,000 ಓಡಿದ್ದು ಅದಕ್ಕಿಂತ ಹೆಚ್ಚು ಕಾಡಬಹುದು. ಸರ್ವೀಸಿನ ಪುಸ್ತಕ ಮತ್ತು ರಸೀದಿಗಳು ಇದನ್ನು ಹೇಳುತ್ತವೆ. ಇಲ್ಲಿಯೂ ಮಾತು ಕಾಗದಕ್ಕೇ ಬಂದು ನಿಲ್ಲುತ್ತದೆ.

ಗಾಡಿಯ ಬಗ್ಗೆ ತಿಳಿವಳಿಕೆ ಕಡಿಮೆಯಿದ್ದವರು ಸ್ಥಳೀಯ ಗ್ಯಾರೇಜಿಗೆ ದುಡ್ಡು ಕೊಟ್ಟು ತಪಾಸಣೆ ಮಾಡಿಸುವುದು ಒಳ್ಳೆಯದು. ಮಾರುವವರು ಅದಕ್ಕೆ ಒಪ್ಪದಿದ್ದರೆ ಅಲ್ಲಿಂದ ಎದ್ದು ಬರುವುದು ಇನ್ನೂ ಒಳ್ಳೆಯದು. ವ್ಯವಹಾರ ಹಗಲಿನಲ್ಲಿ, ಕಾಗದದಲ್ಲಿರುವ ವಿಳಾಸದ ಮನೆಯಲ್ಲೇ ಆಗಬೇಕು. ಗಾಡಿ ನೋಡದೆ ಮುಂಗಡ ಕಳಿಸುವುದು, ‘ಬೇರೆ ಊರಿನಲ್ಲಿದ್ದೇನೆ, ಲಾರಿಯಲ್ಲಿ ಕಳಿಸುತ್ತೇನೆ’ ಎಂಬ ಮಾತು ನಂಬುವುದು ಮೋಸಕ್ಕೆ ಬಾಗಿಲು ತೆರೆದಂತೆ.

ಬೆಲೆಯ ಲೆಕ್ಕ

ಜಾಹೀರಾತಿನ ಬೆಲೆ ಖರ್ಚಿನ ಒಂದು ಭಾಗ ಮಾತ್ರ. ವರ್ಗಾವಣೆಯ ಶುಲ್ಕ, ತೆರಿಗೆ, ವಿಮೆ, ಹೊಸ ಟೈರು, ಮೊದಲ ಸರ್ವೀಸು, ಬೀಗ, ಹೆಲ್ಮೆಟ್, ಜಾಕೆಟ್, ಕೈಗವಸು, ಬೂಟು ಎಲ್ಲ ಸೇರಬೇಕು. ಕೈಯಲ್ಲಿ ನೂರು ಇದ್ದರೆ ಅರವತ್ತಕ್ಕಿಂತ ಹೆಚ್ಚನ್ನು ಗಾಡಿಗೆ ಇಡದಿರುವುದು ಜಾಣತನ. ವಯಸ್ಸು ಚಿಕ್ಕದು, ಆ ದೇಶದಲ್ಲಿ ಓಡಿಸಿದ ಅನುಭವವಿಲ್ಲ ಎಂಬ ಕಾರಣಕ್ಕೆ ವಿದ್ಯಾರ್ಥಿಯ ವಿಮೆ ದುಬಾರಿ. ದೊಡ್ಡ ಗಾಡಿಗೆ ಅದು ಇನ್ನೂ ಏರುತ್ತದೆ. ಆದ್ದರಿಂದ ಬೆಲೆ ಮಾತಾಡುವ ಮೊದಲೇ ಆ ಗಾಡಿಗೆ ವಿಮೆ ಎಷ್ಟಾಗುತ್ತದೆಂದು ವಿಚಾರಿಸಬೇಕು.

ಕಾಲವೂ ಬೆಲೆಯನ್ನು ಆಳುತ್ತದೆ. ಚಳಿ ದೇಶಗಳಲ್ಲಿ ಚಳಿಗಾಲ ಸಮೀಪಿಸಿದಂತೆ ಮೋಟಾರ್ ಸೈಕಲ್ ಬೆಲೆ ಇಳಿಯುತ್ತದೆ, ವಸಂತದಲ್ಲಿ ಏರುತ್ತದೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಹೋಗಿ ಸೇರುವ ವಿದ್ಯಾರ್ಥಿ ಮೊದಲ ಎರಡು ತಿಂಗಳು ಲೈಸೆನ್ಸಿನ ಕೆಲಸ ಮಾಡಿಕೊಂಡು, ನವೆಂಬರಿನ ಹೊತ್ತಿಗೆ ಕೊಂಡು, ಓದು ಮುಗಿದ ವರ್ಷ ಮೇ ತಿಂಗಳಲ್ಲಿ ಮಾರಿದರೆ ಕಳೆದುಕೊಳ್ಳುವುದು ಕಡಿಮೆ. ಬೇಸಿಗೆಯಲ್ಲಿ ಎರಡು ವಾರ ಸುತ್ತುವುದಷ್ಟೇ ಆಸೆಯಾದರೆ ಬಾಡಿಗೆ ಗಾಡಿಯೇ ಅಗ್ಗ.

ಒಂದು ಮಾತು ಮನೆಯವರಿಗೂ ಮಕ್ಕಳಿಗೂ ಸಮಾನ: ಹೊಲ ಅಡವಿಟ್ಟು, ಬ್ಯಾಂಕಿನಲ್ಲಿ ಶಿಕ್ಷಣ ಸಾಲ ತೆಗೆದು ಕಳಿಸಿದ ದುಡ್ಡು ಗಾಡಿಗೆ ಹೋಗಬಾರದು. ಅಲ್ಲಿ ನಿಯಮದೊಳಗೆ ದುಡಿದು ಉಳಿಸಿದ್ದರಲ್ಲಿ ಕೊಂಡದ್ದೇ ಗಾಡಿ.

ಜೀವದ ಲೆಕ್ಕ

ತಾಯಿ ‘ಬ್ಯಾಡಪ್ಪಾ’ ಎನ್ನುವುದರಲ್ಲಿ ಸತ್ಯವಿದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂಕಿಅಂಶಗಳ ಪ್ರಕಾರ, ಓಡಿದ ಪ್ರತಿ ಮೈಲಿಗೆ ಲೆಕ್ಕ ಹಾಕಿದರೆ ಮೋಟಾರ್ ಸೈಕಲ್ ಸವಾರರು ಸಾಯುವ ಸಂಭವ ಕಾರಿನಲ್ಲಿ ಕುಳಿತವರಿಗಿಂತ 20 ಪಟ್ಟಿಗೂ ಹೆಚ್ಚು. ಅಮೆರಿಕ, ಜರ್ಮನಿಗಳಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಎಡಗಡೆಯ ಅಭ್ಯಾಸವುಳ್ಳವರು ತಿರುವಿನಲ್ಲಿ, ದಣಿದಾಗ, ಖಾಲಿ ರಸ್ತೆಯಲ್ಲಿ ತಪ್ಪುತ್ತಾರೆ. ಮೊದಲ ತಿಂಗಳು ಊರೊಳಗೆ ಓಡಿಸಿ ಕೈ ಪಳಗಿದ ಮೇಲೆಯೇ ಹೆದ್ದಾರಿಗೆ ಇಳಿಯಬೇಕು.

ಮತ್ತೊಂದು ಸಂಗತಿಯನ್ನು ಬಹಳ ಜನ ನೋಡುವುದೇ ಇಲ್ಲ. ವಿಶ್ವವಿದ್ಯಾಲಯದ ಮೂಲಕ ಮಾಡಿಸಿದ ಆರೋಗ್ಯ ವಿಮೆ ಮೋಟಾರ್ ಸೈಕಲ್ ಅಪಘಾತಕ್ಕೆ ಅನ್ವಯಿಸುತ್ತದೆಯೇ? ಕೆಲವು ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ. ಗಾಡಿಯ ಕಡ್ಡಾಯ ವಿಮೆಯೋ ಮುಖ್ಯವಾಗಿ ಎದುರಿನವರಿಗೆ ಆದ ಹಾನಿಯನ್ನು ತುಂಬಲು ಇರುವಂಥದ್ದು, ಸವಾರನ ಸ್ವಂತ ಕಾಲು ಮುರಿದರೆ ಅದರಿಂದ ಸಿಗುವುದು ಕಡಿಮೆ ಅಥವಾ ಏನೂ ಇಲ್ಲ. ಅಮೆರಿಕದ ಆಸ್ಪತ್ರೆಯ ಒಂದು ಬಿಲ್ಲು ಹಳ್ಳಿಯ ಕುಟುಂಬವನ್ನು ವರ್ಷಗಟ್ಟಲೆ ಸಾಲದಲ್ಲಿ ಮುಳುಗಿಸಬಲ್ಲದು. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ, ಅರ್ಥವಾಗದಿದ್ದರೆ ಕಂಪನಿಗೆ ಬರೆದು ಲಿಖಿತ ಉತ್ತರ ಪಡೆಯುವ ತನಕ ಗಾಡಿ ಹತ್ತಬಾರದು.

ಹೊಸೂರಿನ ಗಾಡಿ, ಪರದೇಶದ ನಂಬರು

ಆಯ್ಕೆಯಲ್ಲಿ ಒಂದು ತಮಾಷೆಯೂ ಇದೆ. ಜರ್ಮನಿಯಲ್ಲಿ ಹುನಗುಂದದ ವಿದ್ಯಾರ್ಥಿ ಹಳೆಯದೊಂದು ಬಿಎಂಡಬ್ಲ್ಯು ಜಿ 310 ಜಿ.ಎಸ್. ಕೊಂಡರೆ, ಅದು ತಯಾರಾದದ್ದು ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ! 2013ರಲ್ಲಿ ಬಿಎಂಡಬ್ಲ್ಯು ಮತ್ತು ಟಿ.ವಿ.ಎಸ್. ಕಂಪನಿಗಳು ಮಾಡಿಕೊಂಡ ಒಪ್ಪಂದದ ಫಲ ಅದು. ಕೆ.ಟಿ.ಎಂ. 390 ಅಡ್ವೆಂಚರ್ ಪುಣೆ ಹತ್ತಿರದ ಚಾಕಣದ ಬಜಾಜ್ ಕಾರ್ಖಾನೆಯ ಕೂಸು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಚೆನ್ನೈ ಸುತ್ತಮುತ್ತ ತಯಾರಾಗಿ ಬ್ರಿಟನ್, ಯುರೋಪುಗಳಿಗೆ ಹೋಗುತ್ತದೆ. ಇವೆಲ್ಲ ಹಗುರವಾದ, ಹೊಸಬರ ಲೈಸೆನ್ಸಿನ ಮಿತಿಯೊಳಗೆ ಬರುವ, ದೂರ ಹೋಗಬಲ್ಲ ಗಾಡಿಗಳು. ಮೊದಲ ಪ್ರವಾಸಿ ಗಾಡಿಗೆ ಇಂಥವೇ ತಕ್ಕವು.

‘ಓದು ಮುಗಿದ ಮೇಲೆ ಗಾಡಿಯನ್ನು ಊರಿಗೆ ತಂದರಾಯಿತು’ ಎಂಬ ಆಸೆಗೆ ಮಾತ್ರ ಕಡಿವಾಣ ಬೇಕು. ಮೂರು ವರ್ಷಕ್ಕಿಂತ ಹಳೆಯ ವಾಹನವನ್ನು ಭಾರತಕ್ಕೆ ಆಮದು ಮಾಡಲು ನಿಯಮ ಬಿಡುವುದಿಲ್ಲ. ಹೊಸದಾದರೂ ಸುಂಕದ ಹೊರೆ ಗಾಡಿಯ ಬೆಲೆಯನ್ನೇ ಮೀರಬಹುದು. ಅಲ್ಲಿ ಕೊಂಡದ್ದನ್ನು ಅಲ್ಲಿಯೇ ಮಾರಿ ಬರುವುದು ಸರಿಯಾದ ದಾರಿ. ಅಂದರೆ ಕೊಳ್ಳುವ ದಿನವೇ ಮಾರುವ ದಿನವನ್ನು ನೆನೆಯಬೇಕು. ಆ ಊರಿನಲ್ಲಿ ಹೆಚ್ಚು ಜನ ಓಡಿಸುವ, ಬಿಡಿಭಾಗ ಸುಲಭವಾಗಿ ಸಿಗುವ ಮಾದರಿಗೆ ಗಿರಾಕಿ ಬೇಗ ಸಿಗುತ್ತಾರೆ.

ಮನೆಯವರು ಕೇಳಬೇಕಾದ ಪ್ರಶ್ನೆಗಳು

ದೂರದಲ್ಲಿರುವ ತಂದೆತಾಯಿ ಎಂಜಿನ್ನಿನ ಸದ್ದು ಕೇಳಲಾರರು. ಆದರೆ ಫೋನಿನಲ್ಲಿ ಆರು ಪ್ರಶ್ನೆ ಕೇಳಬಲ್ಲರು.

* ಆ ದೇಶದಲ್ಲಿ ಈ ಗಾಡಿ ಓಡಿಸುವ ಲೈಸೆನ್ಸು ನಿನ್ನ ಹತ್ತಿರ ಇದೆಯೇ? ಎಲ್ಲಿಯವರೆಗೆ?
* ಒಡೆತನದ ಕಾಗದದಲ್ಲಿರುವ ಹೆಸರು, ಮಾರುವವರ ಗುರುತಿನ ಚೀಟಿಯಲ್ಲಿರುವ ಹೆಸರು ಒಂದೇ ತಾನೇ?
* ಚೌಕಟ್ಟಿನ ಮೇಲಿನ ಸಂಖ್ಯೆಯನ್ನು ಕಾಗದದ ಜೊತೆ ನೀನೇ ಹೋಲಿಸಿ ನೋಡಿದೆಯಾ?
* ಗಾಡಿಯ ಮೇಲೆ ಸಾಲ ಇಲ್ಲವೆಂದು ತಪಾಸಣೆ ಆಯಿತೇ?
* ವಿಮೆ, ಟೈರು, ಹೆಲ್ಮೆಟ್ ಎಲ್ಲ ಸೇರಿ ಒಟ್ಟು ಎಷ್ಟು?
* ಬಿದ್ದರೆ ನಿನ್ನ ಆಸ್ಪತ್ರೆಯ ಖರ್ಚು ಯಾರು ಕೊಡುತ್ತಾರೆ?

ಆರಕ್ಕೂ ತಡವರಿಸದೆ ಉತ್ತರ ಬಂದರೆ ಮಗನಾಗಲಿ ಮಗಳಾಗಲಿ ಗಾಡಿ ಕೊಳ್ಳಲು ತಯಾರಾಗಿದ್ದಾರೆ ಎಂದೇ ತಿಳಿಯಬೇಕು. ಒಂದಕ್ಕಾದರೂ ‘ಆಮೇಲೆ ನೋಡ್ತೀನಿ’ ಎಂಬ ಉತ್ತರ ಬಂದರೆ, ‘ಹಂಗಾರ ಗಾಡೀನೂ ಆಮೇಲೇ ತಗೋ’ ಎನ್ನುವುದು ಹಿರಿಯರ ಹಕ್ಕು.

ಕೊಂಡ ಮೇಲೆ ಎಲ್ಲ ಕಾಗದಗಳ ಒಂದೊಂದು ನಕಲನ್ನು ಊರಿಗೆ ಕಳಿಸಿ, ಮನೆಯ ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ಕುಗಳ ಜೊತೆ ಇಡಿಸಬೇಕು. ಮಾರುವ ದಿನವೂ ಇದೇ ಶಿಸ್ತು ಬೇಕು. ದುಡ್ಡು ಎಣಿಸಿಕೊಂಡು ಕೀಲಿಕೈ ಕೊಟ್ಟರೆ ವ್ಯವಹಾರ ಮುಗಿಯಲಿಲ್ಲ. ಗಾಡಿ ತನ್ನ ಹೆಸರಿನಿಂದ ಇಳಿದಿದೆ ಎಂಬ ದಾಖಲೆ ಕೈಗೆ ಬಂದ ಮೇಲೆಯೇ ವಿಮಾನದ ಟಿಕೇಟು. ಇಲ್ಲದಿದ್ದರೆ ಯಾರೋ ಮಾಡಿದ ತಪ್ಪಿನ ದಂಡದ ನೋಟೀಸು, ಗಾಡಿ ಮಾರಿ ವರ್ಷವಾದ ಮೇಲೂ, ಹಳೆಯ ಹೆಸರನ್ನೇ ಹುಡುಕಿಕೊಂಡು ಬರುತ್ತದೆ.